ಉಪ್ಪಿನ ಮರಿಗೆಯ ಗುಲಾಬಿ

ಹಾನುಬಾಳಿನಲ್ಲಿ ಜೀಪು ಓಡಿಸುವ ಶಾಂತಮಲ್ಲಪ್ಪನ ಮನೆ ಯಾವುದೆಂದು ಕೇಳಿದರೆ ಒಂದು ಕಾಲಕ್ಕೆ ಯಾರು ಬೇಕಾದರೂ ತೋರಿಸುತ್ತಿದ್ದರು. ಈಗ ಅಂಟಿಸೋ ಶಿವಲೀಲಕ್ಕನ ಮನೆ ಎಂದು ಕೇಳಬೇಕು. ಶಾಂತಮಲ್ಲಪ್ಪನಿಗೆ ಇದರಿಂದ ಬೇಸರವೇನೂ ಇಲ್ಲ. "ನಂದು ಜೀಪ್ ಒಂದೇ ಕಣಯ್ಯ, ಮನೆ ಹೆಸರು ಎಲ್ಲಾ ಅವಳ್ದು. ಜೀಪಿಗೂ ಯಾವತ್ತು ಹೂವ ಅಂಟಿಸ್ತಾಳೋ ಅಂತ ಕಾಯ್ತಾವ್ನಿ" ಎಂದು ಸ್ಟ್ಯಾಂಡಿನಲ್ಲಿ ಹೇಳಿ ನಗಿಸುತ್ತಾನೆ.

ಅವನ ಹೆಂಡತಿ ಶಿವಲೀಲಾ ಮಾಡುವುದು ಹೇಳಿಕೊಳ್ಳುವಂಥ ದೊಡ್ಡ ಕೆಲಸವಲ್ಲ. ಮನೆಗಳ ಅಟ್ಟದ ಮೇಲೆ, ಎಸ್ಟೇಟಿನ ಸ್ಟೋರುಗಳ ಮೂಲೆಯಲ್ಲಿ ಧೂಳು ಹಿಡಿದು ಕೂತ ಮರದ ಸಾಮಾನುಗಳು ಅವಳ ಹಿತ್ತಿಲ ಚಾವಡಿಗೆ ಬರುತ್ತವೆ. ಕಾಲು ಅಲ್ಲಾಡುವ ಸ್ಟೂಲು, ಮುಚ್ಚಳ ಕಳೆದ ಸಾಂಬಾರ ಪೆಟ್ಟಿಗೆ, ಬಿರುಕು ಬಿಟ್ಟ ಕಾಫಿ ಟ್ರೇ, ಮುಳ್ಳಿಲ್ಲದ ಗಡಿಯಾರದ ಗೂಡು, ದನಿ ಹೋದ ರೇಡಿಯೋದ ಹೊರಮೈ. ಅವನ್ನು ಸೀಗೆಪುಡಿಯ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಬಿರುಕಿಗೆ ಮರದ ಹೊಟ್ಟನ್ನೂ ಅಂಟನ್ನೂ ಕಲಸಿ ತುಂಬಿ, ಮರಳು ಕಾಗದದಿಂದ ಉಜ್ಜುತ್ತಾಳೆ. ತೆಳುವಾಗಿ ಬಿಳಿ ಬಣ್ಣ ಬಳಿಯುತ್ತಾಳೆ. ಆಮೇಲೆ ಚಿತ್ರ. ಅದಕ್ಕೆ ಮದುವೆ ಕಾಗದ, ಗೊಬ್ಬರದ ಅಂಗಡಿಯ ಕ್ಯಾಲೆಂಡರು, ಸೀರೆ ಡಬ್ಬಿಯ ಮುಚ್ಚಳ, ತರಕಾರಿ ಬೀಜದ ಪೊಟ್ಟಣ, ಹೋಂಸ್ಟೇಗಳಲ್ಲಿ ಊಟದ ಮೇಜಿನ ಮೇಲಿಡುವ ಹೂವಿನ ಟಿಶ್ಯೂ ಕಾಗದ, ಯಾವುದಾದರೂ ಆದೀತು. ದಪ್ಪ ಕಾಗದವಾದರೆ ನೀರಲ್ಲಿ ನೆನೆಸಿ ಹಿಂದಿನ ಪದರಗಳನ್ನು ಈರುಳ್ಳಿ ಸುಲಿದಂತೆ ಸುಲಿದು, ಚಿತ್ರವಿರುವ ಪದರವೊಂದನ್ನೇ ಉಳಿಸಿಕೊಳ್ಳುತ್ತಾಳೆ. ಉಗುರು ಕತ್ತರಿಸುವ ಸಣ್ಣ ಕತ್ತರಿಯಿಂದ ಹೂವು, ಎಲೆ, ಹಕ್ಕಿಗಳನ್ನು ಬಿಡಿಸಿ, ನೀರು ಬೆರೆಸಿದ ಬಿಳಿ ಅಂಟಿನ ಮೇಲೆ ಕೂರಿಸಿ, ಒಳಗೆ ಗಾಳಿ ಉಳಿಯದ ಹಾಗೆ ಒದ್ದೆ ಹೆಬ್ಬೆರಳಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಹೋಗುತ್ತಾಳೆ. ಒಣಗಿದ ಮೇಲೆ ವಾರ್ನಿಷ್. ಒಂದು ಕೋಟು ಒಣಗಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಕೊನೆಗೆ ಕಣ್ಣು ಮುಚ್ಚಿ ಬೆರಳಾಡಿಸುತ್ತಾಳೆ. ಕಾಗದದ ಅಂಚು ಬೆರಳಿಗೆ ಸಿಕ್ಕಿದರೆ ಕೆಲಸ ಬಾಕಿ ಇದೆ ಎಂದು ಅರ್ಥ. ಸಿಗದಿದ್ದರೆ ಮುಗಿಯಿತು. ಆಗ ನೋಡಿದವರಿಗೆ ಕಾಗದ ಕಾಣುವುದಿಲ್ಲ, ಹಳೆಯ ಮರವೇ ಮನಸ್ಸು ಮಾಡಿ ಹೂ ಬಿಟ್ಟಂತೆ ಕಾಣುತ್ತದೆ.

ಈ ಕೆಲಸಕ್ಕೆ ಹೊರಗಿನವರು ಡಿಕೂಪಾಜ್ ಎನ್ನುತ್ತಾರೆಂದು ಅವಳಿಗೆ ಹೇಳಿದ್ದು ಅಣ್ಣನ ಮಗಳು ಮೋನಿಕಾ. ಶಾಂತಮಲ್ಲಪ್ಪನ ಬಾಯಲ್ಲಿ ಅದು ಡಿಕಾಕ್ಷನ್ ಆಗಿ ಹೋಗಿ, "ನಿನ್ನ ಡಿಕಾಕ್ಷನ್ ಮುಗೀತಾ, ಊಟಕ್ಕೆ ಇಕ್ತೀಯಾ" ಎನ್ನುವುದು ರೂಢಿಯಾಗಿಬಿಟ್ಟಿತು. ಹೆಸರು ತಿಳಿಯುವ ಮೊದಲೇ ಕೆಲಸ ಶುರುವಾಗಿತ್ತು. ಎಸ್ಟೇಟ್ ಬಂಗಲೆಯೊಂದನ್ನು ಖಾಲಿ ಮಾಡಿಸುವಾಗ ಸಾಮಾನು ಸಾಗಿಸಲು ಹೋಗಿದ್ದ ಶಾಂತಮಲ್ಲಪ್ಪ ಒಡೆದ ಟ್ರೇ ಒಂದನ್ನು ಒಲೆಗಾದರೂ ಆದೀತು ಎಂದು ತಂದಿದ್ದ. ತೇಗದ ಮರ. ಒಲೆಗೆ ಹಾಕಲು ಮನಸ್ಸಾಗದೆ ಶಿವಲೀಲಾ ಬಿರುಕಿನ ಮೇಲೆ ಮದುವೆ ಕಾಗದವೊಂದರ ನವಿಲನ್ನು ಅಂಟಿಸಿದಳು. ಬಿರುಕು ನವಿಲಿನ ಬಾಲದಲ್ಲಿ ಕರಗಿಹೋಯಿತು. ಆ ದಿನದಿಂದ ಬಿರುಕಿರುವ ಸಾಮಾನು ಕಂಡರೆ ಅವಳ ಕಣ್ಣು ಮೊದಲು ಚಿತ್ರವನ್ನು ಹುಡುಕುತ್ತದೆ.

ಅವಳಿಗೆ ಅವಳದೇ ಕಟ್ಟುಪಾಡುಗಳೂ ಇವೆ. ಕ್ಯಾಲೆಂಡರಿನ ದೇವರನ್ನು ಕತ್ತರಿಸುವುದಿಲ್ಲ. ದೇವರ ಸುತ್ತಲಿನ ಕಮಲ, ಬಳ್ಳಿ, ಮೋಡಗಳನ್ನು ಮಾತ್ರ ತೆಗೆದುಕೊಂಡು, ದೇವರನ್ನು ಇಡಿಯಾಗಿ ಮಡಿಸಿ ಚೀಲದಲ್ಲಿಟ್ಟು, ಚೀಲ ತುಂಬಿದಾಗ ಅರಳಿಕಟ್ಟೆಯಲ್ಲಿ ಬಿಟ್ಟು ಬರುತ್ತಾಳೆ. ಕೂರುವ ಸ್ಟೂಲಿಗೆ ಹಕ್ಕಿಯನ್ನು ಅಂಟಿಸುವುದಿಲ್ಲ. ಹಕ್ಕಿಯ ಮೇಲೆ ಕೂರುವುದು ಸರಿಯಲ್ಲ ಎಂದು ಅವಳ ಎಣಿಕೆ. ಎಲೆಯ ಮೇಲೆ ಬೇಕಾದರೆ ಕೂರಬಹುದು.

ಹೆಗ್ಗದ್ದೆ ಅವಳ ತವರು. ಹಾನುಬಾಳಿನಿಂದ ದೂರವೇನಲ್ಲ, ಸಕಲೇಶಪುರದಲ್ಲಿ ಒಂದು ಬಸ್ಸು ಬದಲಿಸಿದರೆ ಆಯಿತು. ಆದರೆ ಅವ್ವ ತೀರಿಕೊಂಡು ಕಾರ್ಯ ಮುಗಿದ ಮೇಲೆ ಅವಳು ಆ ಬಸ್ಸು ಹತ್ತಿರಲಿಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ಬರಬೇಕಾದ ಬಾಗಿನವೂ ನಿಂತುಹೋಗಿತ್ತು. ಹಬ್ಬದ ದಿನ ಬೀದಿಯ ಬೇರೆ ಸೊಸೆಯರ ಮನೆ ಮುಂದೆ ಅಣ್ಣತಮ್ಮಂದಿರ ಬೈಕುಗಳು ನಿಲ್ಲುವ ಹೊತ್ತಿಗೆ ಅವಳು ಹಿತ್ತಿಲಲ್ಲಿ ವಾರ್ನಿಷ್ ಹಚ್ಚುತ್ತ ಕೂತಿರುತ್ತಿದ್ದಳು. ವಾರ್ನಿಷ್ ವಾಸನೆಗೆ ಕಣ್ಣು ಉರಿಯುವುದು ಸಹಜ. ಹಾಗಾಗಿ ಯಾರೂ ಏನೂ ಕೇಳುತ್ತಿರಲಿಲ್ಲ.

ಆಗಿದ್ದದ್ದು ಸಣ್ಣದು. ಅವ್ವನ ಕಾರ್ಯಕ್ಕೆ ಶಿವಗಣಾರಾಧನೆ ಇಟ್ಟ ದಿನ ಅಡುಗೆಮನೆಯ ಗಡಿಬಿಡಿಯಲ್ಲಿ ಅತ್ತಿಗೆ ನಂಜಮ್ಮ "ಉಪ್ಪು ತಾರೆ" ಎಂದು ಕೈ ಚಾಚಿದಳು. ಶಿವಲೀಲಾ ಒಂದು ಹಿಡಿ ತೆಗೆದು ನೇರ ಆ ಕೈಗೇ ಹಾಕಿದಳು. ಉಪ್ಪನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಕೊಟ್ಟವರಿಗೂ ತಗೊಂಡವರಿಗೂ ಜಗಳವಾಗುತ್ತದೆ ಎನ್ನುವುದು ಆ ಕಡೆಯ ಎಲ್ಲ ಹೆಂಗಸರಿಗೂ ಗೊತ್ತು. ಅಂದು ಸಾರು ಕುದಿಯುತ್ತಿತ್ತು, ಇಬ್ಬರಿಗೂ ಅದು ನೆನಪಾಗಲಿಲ್ಲ.

ಮಧ್ಯಾಹ್ನ ಕೈ ತೊಳೆಯಲು ಹಿತ್ತಿಲಿಗೆ ಹೋದ ಶಿವಲೀಲಾ ನಾಯಿ ಟೈಗರ್ ಅನ್ನ ತಿನ್ನುತ್ತಿರುವುದನ್ನು ಕಂಡಳು. ಅದು ತಿನ್ನುತ್ತಿದ್ದದ್ದು ಅವ್ವನ ಉಪ್ಪಿನ ಮರಿಗೆಯಲ್ಲಿ. ಹಲಸಿನ ಒಂದೇ ತುಂಡನ್ನು ಕೊರೆದು ಮಾಡಿದ, ಎರಡು ಕಿವಿಯ ಮರದ ಪಾತ್ರೆ ಅದು. ಅವಳಿಗೆ ಬುದ್ಧಿ ಬಂದಾಗಿನಿಂದ ಒಲೆಯ ಪಕ್ಕದ ಗೂಡಿನಲ್ಲಿ ಉಪ್ಪು ತುಂಬಿಕೊಂಡು ಕೂತಿದ್ದ ಮರಿಗೆ. ನೆಂಟರೆಲ್ಲ ಪಂಕ್ತಿಯಲ್ಲಿ ಕೂತಿದ್ದರು. ಶಿವಲೀಲಾ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ, "ಅವ್ವ ಇನ್ನೊಂದು ನಾಕು ದಿನ ಬದುಕಿದ್ದಿದ್ರೆ ಅವಳ್ಗೂ ಇದ್ರಲ್ಲೇ ಇಕ್ತಿದ್ರೇನೋ ಅತ್ಗೆ" ಎಂದಳು.

ಹಾಸಿಗೆ ಹಿಡಿದಿದ್ದ ಅತ್ತೆಯನ್ನು ವರ್ಷಗಟ್ಟಲೆ ತೊಳೆದು ಬಳಿದು ನೋಡಿಕೊಂಡವಳು ನಂಜಮ್ಮ. ಅವಳು ಕೈಯಲ್ಲಿದ್ದ ಪಾಯಸದ ಸೌಟನ್ನು ಪಾತ್ರೆಯೊಳಗೆ ಇಳಿಸಿ ಒಳಗೆ ಹೋದಳು. ಆಮೇಲೆ ಒಂದು ಮಾತೂ ಇಲ್ಲ. ಬಹಳ ದಿನದ ನಂತರ ಅಣ್ಣ ಧರ್ಮಪ್ಪ ಫೋನಿನಲ್ಲಿ ಮೆಲ್ಲಗೆ ಹೇಳಿದ್ದ: "ಮರಿಗೆ ಸೀಳ್ತು ಅಂತ ಅವ್ವನೇ ಹೊರಗಾಕಿದ್ದು ಕಣೆ, ಅವಳಿನ್ನೂ ಓಡಾಡ್ಕಂಡಿದ್ದಾಗ್ಲೇ." ಹಾಗಾದರೆ ಅತ್ತಿಗೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಶಿವಲೀಲಾ ಕೇಳಿದಳು. "ಅವ್ಳು ಹಂಗೇನೆ" ಎಂದ ಧರ್ಮಪ್ಪ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅಲ್ಲಿಂದಾಚೆಗೆ ಶಿವಲೀಲಾಳಿಗೆ ಸಂದರ್ಭವೇ ಸಿಗಲಿಲ್ಲ. ಫೋನು ಮಾಡಿದರೆ ನಂಜಮ್ಮ ಎತ್ತುತ್ತಿರಲಿಲ್ಲ.

ಈ ಸಲ ಗೌರಿ ಹಬ್ಬ ಕಳೆದ ಮೇಲೆ ಧರ್ಮಪ್ಪ ತಾನಾಗಿ ಫೋನು ಮಾಡಿದ. ತೋಟದ ಏರಿಯ ಮೇಲೆ, ಸಿಗ್ನಲ್ ಸಿಗುವ ಕಡೆ ನಿಂತು ಮಾತಾಡುತ್ತಿದ್ದ. "ಮೋನಿಕಾ ಹಾಸನದಲ್ಲಿ ಮನೆ ಕಟ್ಟಿಸವಳಲ್ಲ. ಕಾರ್ತಿಕದಲ್ಲಿ ಒಕ್ಕಲು. ಅಜ್ಜಿ ಮರಿಗೆಗೆ ಅತ್ತೆ ಕೈಲಿ ಗುಲಾಬಿ ಹೂವ ಮಾಡ್ಸಿ ಹಾಲ್‌ನಲ್ಲಿ ಇಡ್ಬೇಕಂತೆ, ಹಣ್ಣು ಹಾಕಕ್ಕೆ."

"ಅತ್ಗೆ ಏನಂದ್ರು?"

"ಏನೂ ಅನ್ನಲಿಲ್ಲ. ಮರಿಗೆ ತಿಕ್ಕಿ ತೊಳ್ದು ಬಿಸಿಲಿಗಿಟ್ಟವಳೆ." ಎಂದ ಧರ್ಮಪ್ಪ. "ಆದ್ಮೇಲೆ ತಗೊಂಡು ಬರಕ್ಕೆ ಅವ್ಳೇ ಬತ್ತಾಳಂತೆ. ನನ್ನ ಬ್ಯಾಡ ಅಂದ್ಲು."

ಶಿವಲೀಲಾ ಫೋನು ಇಟ್ಟು ಬಹಳ ಹೊತ್ತು ಕತ್ತರಿಯನ್ನು ಬಟ್ಟೆಯಿಂದ ಒರೆಸಿದಳು. ಆ ಕತ್ತರಿ ಮೊದಲೇ ಶುದ್ಧವಾಗಿತ್ತು. ಅತ್ತಿಗೆ ಈ ಹೊಸಿಲಿಗೆ ಬರುತ್ತಾಳೆ. ಕೆಲಸ ಚೆನ್ನಾಗಿ ಆಗಿದ್ದರೆ ಅದನ್ನೇ ನೆಪ ಮಾಡಿಕೊಂಡು ಒಂದು ಮಾತಾದರೂ ಆಡಬಹುದು. ಕೆಟ್ಟಿದ್ದರೆ, ಆ ಮರಿಗೆಗೆ ಅವಮಾನ ಮಾಡಿದವರ ಲೆಕ್ಕಕ್ಕೆ ತನ್ನ ಹೆಸರೂ ಸೇರುತ್ತದೆ.

ಮರಿಗೆ ಶಾಂತಮಲ್ಲಪ್ಪನ ಜೀಪಿನಲ್ಲಿ ಬಂತು. ಗೋಣಿ ಬಿಚ್ಚಿದರೆ ಮರಿಗೆಯ ತಳದಲ್ಲಿ ಒಂದು ಹಿಡಿ ಕಲ್ಲುಪ್ಪು, ಅದರ ಮೇಲೆ ಬಾಳೆಎಲೆಯ ಚೂರು.

"ನೋಡು, ನಂಜಮ್ಮನೇ ಕಟ್ಟಿರೋದು" ಎಂದಳು ಶಾಂತಮಲ್ಲಪ್ಪನ ತಾಯಿ ಈರಮ್ಮ. ಎಂಬತ್ತು ದಾಟಿದ ಮುದುಕಿ. ಕಿವಿ ಸ್ವಲ್ಪ ಮಂದ, ಕಣ್ಣು ಚುರುಕು. "ಉಪ್ಪಿನ ಮರಿಗೆ ಬರಿದಾಗಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬಾರ್ದು. ಇದೆಲ್ಲಾ ಗಂಡಸ್ರಿಗೆ ಎಲ್ಲಿ ಹೊಳೀತೈತೆ."

ಶಿವಲೀಲಾ ಆ ಉಪ್ಪನ್ನು ಬೇರೆ ಡಬ್ಬಿಗೆ ಹಾಕಿ, ಮರಿಗೆಯನ್ನು ನೀರಿನ ತೊಟ್ಟಿಯ ಕಡೆಗೆ ಒಯ್ದಳು.

"ಬರಿದು ಮಾಡ್ಬುಟ್ಟೇನೆ?"

"ಕೆಲ್ಸ ಮುಗಿಯೋಗಂಟ ಅಷ್ಟೆ ಅತ್ತೆ. ಉಪ್ಪಿನ ಮೇಲೆ ಕಾಗದ ಕೂರಲ್ಲ."

ಈರಮ್ಮ ಸೊಸೆಯನ್ನು ನೋಡಿದಳು, ಮರಿಗೆಯನ್ನು ನೋಡಿದಳು. ಮತ್ತೇನೂ ಹೇಳಲಿಲ್ಲ. ಹೇಳದೆ ಇರುವುದು ಅವಳ ಸ್ವಭಾವವಲ್ಲ ಎಂದು ಶಿವಲೀಲಾಳಿಗೆ ಆಗಲೇ ಹೊಳೆಯಬೇಕಾಗಿತ್ತು.

ಉಪ್ಪು ಕುಡಿದ ಮರ ಸುಲಭಕ್ಕೆ ಬಗ್ಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ತೊಟ್ಟಿಯಲ್ಲಿ ಮುಳುಗಿಸಿ, ನೀರು ಬದಲಿಸಿ, ಮತ್ತೆ ಮುಳುಗಿಸಿದಳು. ನಾಲಿಗೆಗೆ ನೀರು ಸಪ್ಪೆ ಎನಿಸುವವರೆಗೂ ಬಿಡಲಿಲ್ಲ. ನೆರಳಲ್ಲಿ ಒಣಗಿಸಿದಳು. ತಳದ ಸೀಳನ್ನು ತುಂಬಿದಳು. ಅಂಚಿನ ಒಂದು ಕಡೆ ನಾಯಿ ಕಡಿದ ಹಲ್ಲಿನ ಗುರುತು ಸಾಲಾಗಿತ್ತು. ಅದನ್ನು ಉಜ್ಜಿ ತೆಗೆಯಬಹುದಿತ್ತು. ಮರಳು ಕಾಗದ ಹಿಡಿದು ಕೂತವಳು ಸುಮ್ಮನೆ ಎದ್ದಳು. ಉಜ್ಜಿದರೆ ಅಂಚು ತೆಳುವಾಗುತ್ತದೆ ಎಂದು ತನಗೆ ತಾನೇ ಕಾರಣ ಕೊಟ್ಟುಕೊಂಡಳು. ಕೊನೆಗೆ ಅದರ ಮೇಲೆ ಒಂದು ಎಲೆ ಬರುವ ಹಾಗೆ ಲೆಕ್ಕ ಹಾಕಿದಳು.

ಹೋಂಸ್ಟೇಯವರು ಕೊಟ್ಟಿದ್ದ ಟಿಶ್ಯೂ ಕಾಗದದಲ್ಲಿ ತಿಳಿಗೆಂಪು ಗುಲಾಬಿಗಳಿದ್ದವು. ಮೇಲಿನ ಪದರ ಸುಲಿದರೆ ಉಸಿರಿಗೂ ಹಾರುವಷ್ಟು ತೆಳು. ಹೊರಮೈಗೆ ಬಳ್ಳಿಯಾಗಿ ಅಂಟಿಸಿದಳು, ಒಳಮೈಗೆ ತಳದಲ್ಲಿ ದೊಡ್ಡ ಗುಲಾಬಿಯೊಂದನ್ನು ಕೂರಿಸಿ ಸುತ್ತ ಮೊಗ್ಗು ಹರಡಿದಳು. ವಾರ್ನಿಷ್ ಮೊದಲ ಕೋಟಿಗೇ ಮರಿಗೆಯ ಮುಖ ಬದಲಾಯಿತು. ಶಾಂತಮಲ್ಲಪ್ಪ ಬಂದು ನೋಡಿ, "ಉಪ್ಪಿನ ಮರಿಗೆ ಮದುವಣಗಿತ್ತಿ ಆಗ್ಬುಡ್ತಲ್ಲೇ" ಎಂದ.

ಮೂರನೆಯ ಬೆಳಗ್ಗೆ ತಳದ ಗುಲಾಬಿಯ ಮೇಲೆ ಬೊಕ್ಕೆ ಎದ್ದಿತ್ತು. ದಳಗಳ ಕೆಳಗೆ ನೀರು ತುಂಬಿಕೊಂಡಂತೆ ಊದಿ, ವಾರ್ನಿಷ್ ಹಾಲಿನ ಹಾಗೆ ಬೆಳ್ಳಗಾಗಿತ್ತು. ಒತ್ತಿದರೆ ಮೆತ್ತಗೆ. ಹೊರಮೈಯ ಬಳ್ಳಿಗೆ ಏನೂ ಆಗಿರಲಿಲ್ಲ. ಒಳಗೆ ಇನ್ನೂ ಉಪ್ಪು ಉಳಿದಿದೆ ಎಂದುಕೊಂಡು ಅವಳು ಎಲ್ಲವನ್ನೂ ಕೆರೆದು ತೆಗೆದಳು. ಮತ್ತೆ ನೆನೆಸಿದಳು, ಹೊರಗಿನ ಬಳ್ಳಿಗೆ ನೀರು ತಾಗದ ಹಾಗೆ ಒಳಗೆ ಮಾತ್ರ ನೀರು ತುಂಬಿ ಇಟ್ಟಳು. ಮತ್ತೆ ಒಣಗಿಸಿ, ಮತ್ತೆ ಗುಲಾಬಿ ಕೂರಿಸಿದಳು. ಮತ್ತೆ ಬೊಕ್ಕೆ ಎದ್ದಿತು. ಈ ಸಲ ತಳದಲ್ಲಿ ಸಣ್ಣ ಹರಳೂ ಸಿಕ್ಕಿತು. ನಾಲಿಗೆಗೆ ಹಚ್ಚಿ ನೋಡಿದಳು. ಉಪ್ಪೇ.

ಪಾಳ್ಯದಲ್ಲಿ ಮರಗೆಲಸ ಮಾಡುವ ಆಚಾರಿಗೆ ಫೋನು ಮಾಡಿದಳು. "ಎರಡು ತಲೆಮಾರು ಉಪ್ಪು ಉಂಡಿರೋ ಮರ ಕಣಕ್ಕ ಅದು, ಇಷ್ಟು ಬೇಗ ಬುಟ್ಟುಕೊಡ್ತದಾ. ಒಳಗಿಂದ ಕಕ್ತಾ ಇರ್ತದೆ" ಎಂದ ಆಚಾರಿ. ಒಲೆಯ ಕಾವಿನಲ್ಲಿ ಇಟ್ಟು ನೋಡು ಎಂದ. ಇಟ್ಟಳು. ಮರ ಬೆಚ್ಚಗಾಗಿ, ಅವ್ವನ ಅಡುಗೆಮನೆಯ ವಾಸನೆ ಬಂತು. ಹೊಗೆ, ಹುಣಸೆ, ಯಾವತ್ತಿನದೋ ಒಗ್ಗರಣೆ. ಅದನ್ನೇ ಮೂಸುತ್ತ ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಆಮೇಲೆ ಮೂರನೆಯ ಸಲ ಗುಲಾಬಿ ಕೂರಿಸಿದಳು. ಮೂರನೆಯ ಸಲವೂ ಗುಲಾಬಿ ಊದಿಕೊಂಡಿತು.

ಅಷ್ಟರಲ್ಲಿ ಕಾರ್ತಿಕ ಬಂದಿತ್ತು. ಬೆಳಗಿನ ಹೊತ್ತು ಮಂಜು ಹಿತ್ತಿಲವರೆಗೂ ಬಂದು ನಿಲ್ಲುತ್ತಿತ್ತು. ಕಾಫಿ ಕುಯ್ಲಿಗೆ ಹೋಗುವ ಆಳುಗಳನ್ನು ತುಂಬಿಕೊಂಡು ಶಾಂತಮಲ್ಲಪ್ಪ ಬೇಗ ಹೊರಡುತ್ತಿದ್ದ. ಧರ್ಮಪ್ಪನ ಫೋನು ಬಂತು: "ನಾಳಿದ್ದು ಬತ್ತಾಳೆ ಕಣೆ. ಬೆಳಗ್ಗೆ ಬಸ್ಸಿಗೆ." ಶಿವಲೀಲಾ ಆಯಿತು ಎಂದಳು. ಒಳಗೆ ಬಂದು, "ಅತ್ಗೆ ನಾಳಿದ್ದು ಬತ್ತಾರಂತೆ ಅತ್ತೆ" ಎಂದು ಈರಮ್ಮನ ಕಿವಿಗೆ ಕೇಳುವಂತೆ ಹೇಳಿದಳು.

"ಬರ್ಲಿ. ಮರಿಗೆ ಆಯ್ತಾ?"

"ಇಲ್ಲ. ಉಪ್ಪು ಬುಡ್ತಾನೇ ಇಲ್ಲ. ನನ್ನ ಮೇಲೆ ಅದಕ್ಕೇನು ಹಗೆಯೋ."

ಈರಮ್ಮ ಎಲೆಅಡಿಕೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. "ಮರಕ್ಕೆಂಥಾ ಹಗೆ" ಎಂದಳು.

ಸಂಜೆ ಶಿವಲೀಲಾ ದಿನದಂತೆ ಮುಂಬಾಗಿಲಿಗೆ ದೀಪ ಹಚ್ಚಲು ಹೋದಳು. ಕಾರ್ತಿಕದಲ್ಲಿ ಹೊಸಿಲಿನ ಎರಡೂ ಬದಿಗೆ ಹಣತೆ. ಬೆಂಕಿಪೊಟ್ಟಣ ಚಾವಡಿಯಲ್ಲಿ, ವಾರ್ನಿಷ್ ಡಬ್ಬಿಯ ಪಕ್ಕ ಬಿಟ್ಟಿದ್ದು ನೆನಪಾಗಿ ಹಿಂದಕ್ಕೆ ಬಂದಳು. ಚಾವಡಿಯಲ್ಲಿ ಈರಮ್ಮ ನಿಂತಿದ್ದಳು. ಎಡಗೈ ಗೋಡೆಗೆ ಊರಿ, ಬಲಗೈಯ ಮುಷ್ಟಿಯನ್ನು ಮರಿಗೆಯೊಳಗೆ ಇಳಿಸಿ ಬಿಚ್ಚಿದಳು. ಕಲ್ಲುಪ್ಪು ಗುಲಾಬಿಯ ಮೇಲೆ ಬಿದ್ದ ಸದ್ದು ಶಿವಲೀಲಾಳಿಗೆ ಚೆನ್ನಾಗಿ ಕೇಳಿಸಿತು. ಮುದುಕಿ ಮರಿಗೆಯ ಅಂಚು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ತಿರುಗಿದರೆ ಸೊಸೆ.

"ಏನ್ ಮಾಡ್ತಿದೀರಾ ಅತ್ತೆ?"

"ದೀಪ ಹಚ್ಚೋ ಹೊತ್ತಿಗೆ ಉಪ್ಪಿನ ಮರಿಗೆ ಬರಿದು ಇರಬಾರ್ದು ಮಗ. ಲಕ್ಷ್ಮಿ ಬರೋ ಹೊತ್ತು."

"ದಿನಾನೂ ಹಾಕ್ತಿದ್ರಾ?"

"ನೀನು ನೀರಿಗೆ ಹಾಕಿದ್ದ ದಿನ ಬುಟ್ಟು." ಈರಮ್ಮನ ದನಿಯಲ್ಲಿ ಅಳುಕೇನೂ ಇರಲಿಲ್ಲ. "ನಿನ್ನ ಕೆಲ್ಸಕ್ಕೆ ಅಡ್ಡ ಆಗಬಾರ್ದು ಅಂತ ಬೆಳಗ್ಗೆ ನೀನು ಏಳೋದ್ರೊಳಗೆ ತೆಗ್ದು ಡಬ್ಬಿಗೆ ಹಾಕ್ತಿದ್ದೆ. ಬಟ್ಟೇಲಿ ಒರಸ್ತಾನೂ ಇದ್ದೆ."

ಶಿವಲೀಲಾ ಗೋಡೆಗೆ ಒರಗಿದಳು. ಇಡೀ ರಾತ್ರಿ ಮಂಜಿನ ತಂಪಿನಲ್ಲಿ ಉಪ್ಪು ನೀರಾಡುತ್ತ ವಾರ್ನಿಷಿನ ಸೂಕ್ಷ್ಮ ಬಿರುಕುಗಳಿಗೆ ಇಳಿಯುತ್ತಿತ್ತು. ಬೆಳಗ್ಗೆ ಅದನ್ನು ಎತ್ತಿ, ಒರೆಸಿ, ಏನೂ ಆಗಿಲ್ಲವೆಂಬಂತೆ ಮರಿಗೆಯನ್ನು ಮತ್ತೆ ಅದೇ ಜಾಗದಲ್ಲಿ ಇಡಲಾಗುತ್ತಿತ್ತು. ಆಚಾರಿ ಹೇಳಿದ ಎರಡು ತಲೆಮಾರಿನ ಉಪ್ಪಿನ ಜೊತೆಗೆ ಈ ಮನೆಯ ಉಪ್ಪೂ ಸೇರಿಕೊಂಡಿತ್ತು. ಒಂದು ಮಾತು ಬಾಯಿಗೆ ಬಂತು. ಹರಿತವಾದ ಮಾತು. ಅವಳಿಗೆ ಅಂಥ ಮಾತು ಬೇಗ ಬರುತ್ತದೆ, ಅದರಿಂದ ಏನಾಗುತ್ತದೆಂದೂ ಅವಳು ಕಂಡಿದ್ದಳು. ಬಾಗಿಲಲ್ಲಿ ನಿಂತು ಪಂಕ್ತಿಯ ಮುಂದೆ ಆಡಿದ್ದ ಮಾತು ಇದೇ ಥರ ಸಲೀಸಾಗಿ ಬಂದಿತ್ತು. ಬೆಂಕಿಪೊಟ್ಟಣ ಎತ್ತಿಕೊಂಡು ಮುಂದಕ್ಕೆ ಹೋಗಿ ಎರಡೂ ಹಣತೆ ಹಚ್ಚಿದಳು. ಒಂದು ಕಡ್ಡಿ ಆರಿತು, ಇನ್ನೊಂದು ಗೀರಿದಳು.

ವಾಪಸು ಬಂದಾಗ ಈರಮ್ಮ ಇನ್ನೂ ಅಲ್ಲೇ ಇದ್ದಳು. "ಕೆಟ್ಟೋಯ್ತಾ ಲೀಲಾ?" ಎಂದು ಕೇಳಿದಳು. ಈಗ ದನಿ ಸಣ್ಣದಾಗಿತ್ತು.

"ಒಳಗಡೆ ಕೆಟ್ಟೈತೆ. ಹೊರಗೆ ನೆಟ್ಟಗೈತೆ."

"ನಂಜಮ್ಮ ಏನಂತಾಳೋ."

"ಏನಾದ್ರೂ ಅಂದ್ರೆ ಸಾಕು ಅತ್ತೆ" ಎಂದಳು ಶಿವಲೀಲಾ.

ಮರುದಿನ ಅವಳು ಒಳಮೈಯ ಗುಲಾಬಿಯನ್ನೆಲ್ಲ ಕೆರೆದು ತೆಗೆದಳು. ಬಿಳಿ ಬಣ್ಣವನ್ನೂ ಉಜ್ಜಿದಳು. ಹಲಸಿನ ಮರ ಅರಿಶಿನದ ಬಣ್ಣದಲ್ಲಿ ಮತ್ತೆ ಕಂಡಿತು, ನಡುವೆ ಉಪ್ಪು ತಿಂದ ಕಡೆ ಕಪ್ಪುಕಪ್ಪಾಗಿ. ಹೊಸ ಕಾಗದ ಅಂಟಿಸಲಿಲ್ಲ. ವಾರ್ನಿಷ್ ಸವರಲಿಲ್ಲ. ಒಳಗನ್ನು ಬರಿಯ ಮರವಾಗಿಯೇ ಬಿಟ್ಟಳು. ಹೊರಗಿನ ಬಳ್ಳಿಗೆ ಕೊನೆಯ ಕೋಟು ಕೊಟ್ಟು, ಕಣ್ಣು ಮುಚ್ಚಿ ಬೆರಳಾಡಿಸಿದಳು. ಒಂದೇ ಒಂದು ಕಡೆ, ಎಲೆಯ ಕೆಳಗೆ, ನಾಯಿ ಹಲ್ಲಿನ ಗುಳಿಗಳು ಬೆರಳಿಗೆ ಸಿಕ್ಕವು. ಅದು ಕಾಗದದ ತಪ್ಪಲ್ಲವಾದ್ದರಿಂದ ಹಾಗೇ ಬಿಟ್ಟಳು. ಮೋನಿಕಾ ಕೇಳಿದ್ದು ಹಣ್ಣಿನ ಪಾತ್ರೆ. ಇದು ಇನ್ನು ಹಣ್ಣಿಗೆ ಆಗುವುದಿಲ್ಲ. ಉಪ್ಪಿನದು, ಉಪ್ಪಿಗೇ.

"ತುಂಬ್ಸಿ ಅತ್ತೆ" ಎಂದು ಮರಿಗೆಯನ್ನು ಈರಮ್ಮನ ಮುಂದಿಟ್ಟಳು. ಈರಮ್ಮ ಮೊದಲು ನಂಜಮ್ಮ ಕಳಿಸಿದ್ದ ಉಪ್ಪನ್ನು ಹಾಕಿದಳು. ಅದು ತಳಕ್ಕೂ ಸಾಲಲಿಲ್ಲ. ಆಮೇಲೆ ಮನೆಯ ಡಬ್ಬಿಯದನ್ನು ಸುರಿದಳು, ತಟ್ಟಿ ಸಮ ಮಾಡಿದಳು.

ನಂಜಮ್ಮ ಬಸ್ಸಿನಿಂದ ಇಳಿದು ನಡೆದೇ ಬಂದಳು. ಕೈಯಲ್ಲಿ ಒಂದು ಬಟ್ಟೆ ಚೀಲ, ಮೈಮೇಲೆ ಸ್ವೆಟರು. ಕೂದಲು ಇಷ್ಟು ಬೆಳ್ಳಗಾಗಿದೆ ಎಂದು ಶಿವಲೀಲಾ ಅಂದುಕೊಂಡಿರಲಿಲ್ಲ. ಹೊಸಿಲ ಹತ್ತಿರ ಕಾಲು ತೊಳೆದುಕೊಂಡು ಜಗುಲಿಯ ಮೇಲೆ ಕೂತಳು. ಒಳಗೆ ಬರಲಿಲ್ಲ.

"ಚೆನ್ನಾಗಿದೀರಾ ಅತ್ಗೆ?" ಎಂದಳು ಶಿವಲೀಲಾ.

ನಂಜಮ್ಮ ಈರಮ್ಮನ ಕಡೆ ತಿರುಗಿದಳು. "ನೀವು ಹೆಂಗಿದೀರಮ್ಮ? ಮಂಡಿನೋವು ಹೆಂಗೈತೆ?"

"ಐತೆ, ಜೊತೇಲೇ ಬರಂಗೈತೆ" ಎಂದಳು ಈರಮ್ಮ. "ನಿಂದು?"

"ನಂದೂ ಹಂಗೇ. ಕಾಫಿಗೆ ಸಕ್ಕರೆ ಬ್ಯಾಡ ಅಂತ ಹೇಳಿ. ಡಾಕ್ಟ್ರು ಬುಡಿಸವ್ರೆ."

ಹೇಳಬೇಕಾದವಳು ಎರಡು ಮಾರು ದೂರದಲ್ಲೇ ನಿಂತಿದ್ದಳು. ಈರಮ್ಮ ಗಂಭೀರವಾಗಿ, "ಲೀಲಾ, ಸಕ್ಕರೆ ಬ್ಯಾಡ್ವಂತೆ" ಎಂದಳು. ಶಿವಲೀಲಾ ಸಕ್ಕರೆ ಇಲ್ಲದ ಕಾಫಿ ತಂದಳು. ನಂಜಮ್ಮ ಕುಡಿದು, "ಕಾಫಿ ಚೆನ್ನಾಗೈತೆ ಅಂತ ಹೇಳಿ" ಎಂದಳು. "ನಾನೇನು ನಿಮ್ಮಿಬ್ರ ಪೋಸ್ಟ್‌ಮ್ಯಾನಾ" ಎಂದು ಈರಮ್ಮ ಎಲೆಗೆ ಸುಣ್ಣ ಸವರಿದಳು. ನಂಜಮ್ಮನ ತುಟಿಯ ಒಂದು ತುದಿ ಅಲುಗಿತು, ಅಷ್ಟೆ.

ರಸ್ತೆಯಲ್ಲಿ ಕಾಫಿ ಮೂಟೆ ಹೊತ್ತ ಪಿಕಪ್ ಒಂದು ಹೋಯಿತು. ಶಿವಲೀಲಾ ಒಳಗೆ ಹೋಗಿ ಮರಿಗೆಯನ್ನು ಎರಡೂ ಕಿವಿ ಹಿಡಿದು ಎತ್ತಿಕೊಂಡು ಬಂದಳು. 'ಒಳಗೆ ಹೂವು ನಿಲ್ಲಲಿಲ್ಲ ಅತ್ಗೆ' ಎನ್ನಬೇಕು, 'ಅವತ್ತು ಹಂಗೆ ಅನ್ನಬಾರದಿತ್ತು' ಎನ್ನಬೇಕು. ಎರಡರಲ್ಲಿ ಯಾವುದು ಮೊದಲು ಎಂದು ನಿರ್ಧಾರವಾಗುವ ಮೊದಲೇ ಜಗುಲಿಯ ಹತ್ತಿರ ತಲುಪಿಬಿಟ್ಟಿದ್ದಳು. ತುಂಬಿದ ಮರಿಗೆಯನ್ನು ಅತ್ತಿಗೆಯ ಕಡೆ ಚಾಚಿದಳು.

ನಂಜಮ್ಮ ತಟ್ಟನೆ ಎರಡೂ ಕೈಗಳನ್ನು ಹಿಂದಕ್ಕೆ ಎಳೆದುಕೊಂಡಳು.

ಶಿವಲೀಲಾ ನಿಂತಲ್ಲೇ ನಿಂತಳು. ಮರಿಗೆ ಭಾರವಾಗಿತ್ತು. ಮುಗಿಯಿತು ಎಂದುಕೊಂಡಳು. ಬಸ್ಸು ಹತ್ತಿ ಬಂದದ್ದು ಇದನ್ನು ಮುಖಕ್ಕೆ ತೋರಿಸಲಿಕ್ಕೆ.

"ಕೆಳಗಿಡೇ" ಎಂದಳು ನಂಜಮ್ಮ.

ಮಾತು ಈರಮ್ಮನಿಗಲ್ಲ, ನೇರ ಅವಳಿಗೇ.

"ಉಪ್ಪು ಐತಲ್ಲ ಅದ್ರಾಗೆ. ಒಂದ್ಸಲ ನಿನ್ನ ಕೈಯಿಂದ ತಗೊಂಡು ಪಟ್ಟಿದ್ದು ಸಾಲ್ದಾ? ಕೆಳಗಿಡು, ನಾನೇ ಎತ್ಕತೀನಿ."

ಶಿವಲೀಲಾ ಜಗುಲಿಯ ಮೇಲೆ ಮರಿಗೆಯನ್ನಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ನಂಜಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಅದನ್ನು ತನ್ನ ಕಡೆಗೆ ಎಳೆದುಕೊಂಡಳು. ಗುಲಾಬಿ ಬಳ್ಳಿಯನ್ನು ನೋಡುತ್ತ ಮರಿಗೆಯನ್ನು ಸುತ್ತಲೂ ತಿರುಗಿಸಿದಳು. ಅಂಚಿನ ಎಲೆಯ ಮೇಲೆ ಬಂದಾಗ ಅವಳ ಹೆಬ್ಬೆರಳು ನಿಂತಿತು. ಕಣ್ಣಿಗೆ ಅಲ್ಲಿ ಎಲೆ ಬಿಟ್ಟು ಏನೂ ಇರಲಿಲ್ಲ. ಬೆರಳು ಆ ಗುಳಿಗಳ ಮೇಲೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಹೋಯಿತು.

"ಟೈಗರ್ ಸತ್ತೋಯ್ತು" ಎಂದಳು. "ಹೋದ ವರ್ಷ. ಕಾಡುಹಂದಿ ತಿವಿದ್ಬುಟ್ಟಿತ್ತು."

"ನಂಗೆ ಗೊತ್ತಾಗ್ಲಿಲ್ಲ ಅತ್ಗೆ."

"ಹೆಂಗೆ ಗೊತ್ತಾಗ್ತೈತೆ, ನೀನು ಬಂದಿದ್ರೆ ತಾನೆ."

ಶಿವಲೀಲಾ ಬಾಯಿ ತೆರೆದಳು. ನಂಜಮ್ಮ ಅವಳನ್ನು ನೋಡದೆ, "ಬುಡು" ಎಂದಳು. "ಅವತ್ತು ಇಬ್ರಿಗೂ ಮರ್ತೋಗಿತ್ತು." ಉಪ್ಪಿನ ಬಗ್ಗೆ ಹೇಳಿದಳೋ ಬೇರೆಯದರ ಬಗ್ಗೆಯೋ, ಶಿವಲೀಲಾ ಕೇಳಲಿಲ್ಲ. ನಂಜಮ್ಮ ಉಪ್ಪನ್ನು ಒಂದು ಬದಿಗೆ ಸರಿಸಿ ತಳ ನೋಡಿದಳು. "ಒಳಗಡೆ ಹೂವ ಇಲ್ವಲ್ಲ. ಮೋನಿ ಹಣ್ಣು ಹಾಕಬೇಕು ಅಂತಿದ್ಲು."

"ಉಪ್ಪು ಹೂವ ನಿಲ್ಲಕ್ಕೆ ಬುಡ್ಲಿಲ್ಲ." ಈರಮ್ಮನ ಕೈಯಲ್ಲಿದ್ದ ಎಲೆ ಬಾಯಿಗೆ ಹೋಗುವುದು ನಿಂತಿತು. ಶಿವಲೀಲಾ ಅತ್ತ ನೋಡಲಿಲ್ಲ. "ಹಳೇ ಮರ ಅಲ್ವಾ ಅತ್ಗೆ. ಅದ್ರ ಬುದ್ಧಿ ಅದು ಬುಡಲ್ಲ."

ಎಲೆ ಬಾಯಿಗೆ ಹೋಯಿತು.

"ಅತ್ತೆಮ್ಮಂದು ಅಲ್ವಾ, ಎಲ್ಲಿ ಬುಡ್ತೈತೆ" ಎಂದಳು ನಂಜಮ್ಮ. "ಇರ್ಲಿ. ಅಡುಗೆಮನೇಲೇ ಇಟ್ಕಳ್ಲಿ. ಹೊಸಮನೆಗೆ ಮೊದ್ಲು ಉಪ್ಪೇ ಹೋಗ್ಬೇಕು."

ಶಾಂತಮಲ್ಲಪ್ಪ ಮಧ್ಯಾಹ್ನದ ಟ್ರಿಪ್ಪಿಗೆ ಬಂದವನು ನಂಜಮ್ಮನನ್ನು ಸಕಲೇಶಪುರದವರೆಗೆ ಬಿಡುತ್ತೇನೆಂದ. ಊಟ ಮಾಡಿಕೊಂಡು ಹೋಗಿ ಎಂದರೆ ಅವಳು ಒಪ್ಪಲಿಲ್ಲ, ಆದರೆ ಬಾಳೆಹಣ್ಣು ತಿಂದಳು. ಜೀಪಿನ ಮುಂದಿನ ಸೀಟಿನಲ್ಲಿ ಮರಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬಟ್ಟೆ ಚೀಲ ಜಗುಲಿಯ ಮೇಲೇ ಉಳಿದಿತ್ತು. ಶಿವಲೀಲಾ ಅದನ್ನು ಎತ್ತಿಕೊಂಡು ಓಡಿದಳು.

"ಅದು ನಿಂಗೇ" ಎಂದಳು ನಂಜಮ್ಮ. "ಗೌರಿಗೆ ಕೊಡ್ಬೇಕಿತ್ತು. ತಡ ಆಯ್ತು." ಜೀಪು ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಒಕ್ಕಲಿಗೆ ಹಿಂದಿನ ದಿನಾನೇ ಬಾ. ಹೋಳಿಗೆ ಹೂರಣ ನನ್ನೊಬ್ಳ ಕೈಲಿ ಆಗಲ್ಲ" ಎಂದು ಕೂಗಿದಳು.

ಜೀಪು ತಿರುವಿನಲ್ಲಿ ಮರೆಯಾಯಿತು. ಚೀಲದಲ್ಲಿ ಹಸಿರು ಬಳೆ, ರವಿಕೆ ಬಟ್ಟೆ, ಅರಿಶಿನ ಕುಂಕುಮ, ಒಂದು ತೆಂಗಿನಕಾಯಿ ಇದ್ದವು. ಶಿವಲೀಲಾ ಬಳೆಗಳನ್ನು ಕೈಗೆ ಏರಿಸಿ ನೋಡಿದಳು. ಸ್ವಲ್ಪ ಬಿಗಿ. ಅತ್ತಿಗೆಗೆ ಅವಳ ಹಳೆಯ ಅಳತೆಯೇ ನೆನಪಿತ್ತು.

ಜಗುಲಿಯಲ್ಲಿ ಈರಮ್ಮ ಬಗ್ಗಿ, ಮರಿಗೆ ಇದ್ದ ಜಾಗದಲ್ಲಿ ಚೆಲ್ಲಿದ್ದ ಉಪ್ಪಿನ ಹರಳುಗಳನ್ನು ಒಂದೊಂದಾಗಿ ಆರಿಸಿ ಅಂಗೈಗೆ ಹಾಕಿಕೊಳ್ಳುತ್ತಿದ್ದಳು. ತುಳಿಯುವ ಕಡೆ ಉಪ್ಪು ಬೀಳಬಾರದು. ಶಿವಲೀಲಾ ಡಬ್ಬಿ ತಂದು ಅವಳ ಪಕ್ಕದಲ್ಲಿ, ನೆಲದ ಮೇಲೆ ಇಟ್ಟಳು.